ಅಟ್ಟದ ಮೇಲಿನ ಕ್ಯಾಸೆಟ್ಟು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಸಾಗರದ ಕಡೆ ಒಂದು ಕಾಲೇಜಿನಲ್ಲಿ ಲೈಬ್ರರಿ ನೋಡ್ಕೊಳ್ಳೋಳು. ಹೋದ ಮಳೆಗಾಲ, ಜಡಿಮಳೆ ಹಿಡಿದು ಮೂರು ದಿನ ಕರೆಂಟಿಲ್ಲದ ಹೊತ್ತಲ್ಲಿ, ಹಳ್ಳಿ ಕಡೆಯ ಯಜಮಾನರೊಬ್ರು ಅಡಿಕೆ ಚೀಲದಲ್ಲಿ 11 ವಿಡಿಯೋ ಕ್ಯಾಸೆಟ್ ಹೊತ್ಕೊಂಡು ಬಂದ್ರು. "ತಂಗೀ, ನಮ್ಮನೆ ಅಂಗಳದಲ್ಲಿ ಆಡ್ಸಿದ ಆಟ ಇದ್ರಲ್ಲಿದೆ, ನೋಡಕ್ಕೆ ಬರ್ತದಾ ಹೇಳು" ಅಂದ್ರು. ಆಟ ಅಂದ್ರೆ ಯಕ್ಷಗಾನ, ನಮ್ಮ ಕಡೆಯವರಿಗೆ ಹೇಳೋದು ಬೇಡ.

ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿ ನೋಡಿದ್ರೆ ಟೇಪಿನ ಸುರುಳಿ ಮೇಲೆಲ್ಲ ಬಿಳಿ ಬೂಷ್ಟು, ಉಪ್ಪಿನಕಾಯಿ ಭರಣಿ ಬಾಯಿಗೆ ಕಟ್ಟುತ್ತಲ್ಲ ಹಾಗೆ. ಅವ್ರು ಅಷ್ಟು ವರ್ಷ ಅದನ್ನ ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ರಂತೆ, ಮನೆಯಲ್ಲಿ ಅದೇ ಬೆಚ್ಚಗಿನ ಜಾಗ ಅಂತ. ಅಡಿಕೆಗೆ ಸರಿ, ಟೇಪಿಗೆ ಅಲ್ಲ. ಟೇಪು ಅಂದ್ರೆ ತೆಳು ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಕಬ್ಬಿಣದ ಆಕ್ಸೈಡ್ ಪುಡಿನ ಅಂಟು ಹಾಕಿ ಕೂರಿಸಿರ್ತಾರೆ, ಆ ಅಂಟು ತೇವ ಹೀರ್ಕೊಂಡು ಮೆತ್ತಗಾಗುತ್ತೆ, ಶಾಖಕ್ಕೆ ಪಟ್ಟಿ ಸೊಟ್ಟ ಆಗುತ್ತೆ, ಹೊಗೆ ಮಸಿ ಬೇರೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನ ಹಾಗೇ ಪ್ಲೇಯರಿಗೆ ಹಾಕಿದ್ರೆ ಅದು ಟೇಪು ಓದೋ ಹೆಡ್ಡಿಗೆ ಮೆತ್ತಿಕೊಂಡು ಆಮೇಲೆ ಹಾಕೋ ಒಳ್ಳೆ ಕ್ಯಾಸೆಟ್ಟಿಗೂ ಹಬ್ಬುತ್ತೆ.

ಪ್ಲೇಯರು ಸಿಗೋದೇ ಕಷ್ಟ. ಜಪಾನಿನ ಫುನಾಯ್ ಕಂಪನಿ ಕೊನೆವರೆಗೂ ವಿಸಿಆರ್, ಅಂದ್ರೆ ಈ ಕ್ಯಾಸೆಟ್ ಪ್ಲೇಯರು, ಮಾಡ್ತಾ ಇತ್ತು, ಅದೂ 2016ರ ಜುಲೈಗೆ ನಿಲ್ಲಿಸ್ತು. ನಾವು ಹಿಂದೆ ಮದುವೆ ವಿಡಿಯೋ ತೆಗೀತಿದ್ದ ಒಬ್ರ ಹತ್ರ ಇದ್ದ ಹಳೇದನ್ನ ತಂದು, ಹೆಡ್ ಕ್ಲೀನ್ ಮಾಡ್ಸಿ, ಕ್ಯಾಸೆಟ್ಟು ಬಿಚ್ಚಿ ಒಣಗಿಸಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದ್ವಿ. ಇದ್ರಲ್ಲಿ ಅವಸರ ನಡೆಯಲ್ಲ, ಮೂರು ಗಂಟೆ ಟೇಪಿಗೆ ಮೂರು ಗಂಟೆ ಕೂರಲೇಬೇಕು. ಡಿವಿ ಅನ್ನೋ ಡಿಜಿಟಲ್ ವಿಡಿಯೋ ಫಾರ್ಮ್ಯಾಟಲ್ಲಿ ಗಂಟೆಗೆ ಸುಮಾರು 13 ಜಿಬಿ ಆಗುತ್ತೆ, ಅದು ಮೂಲಪ್ರತಿ, ಅದನ್ನ ಮುಟ್ಟೋ ಹಾಗಿಲ್ಲ, ಜನ ನೋಡೋಕೆ ಅದರಿಂದ ಚಿಕ್ಕ ಎಂಪಿ4 ಬೇರೆ ಮಾಡ್ತೀವಿ.

ಯಜಮಾನರು ಪಕ್ಕದಲ್ಲೇ ಕೂತಿದ್ರು. ಪರದೆ ಮೇಲೆ ಗ್ಯಾಸ್‌ಲೈಟ್ ಬೆಳಕು, ಭಾಗವತರ ಮುಂಡಾಸು, ಮುಂದಿನ ಸಾಲಲ್ಲಿ ಕಂಬಳಿ ಹೊದ್ದು ನಿದ್ದೆ ಹೋಗಿರೋ ಒಬ್ಬ ಹುಡುಗ. "ಇಂವ ನನ್ನ ತಮ್ಮನ ಮಗ, ಈಗ ಬೆಂಗ್ಳೂರಲ್ಲಿ ಇದಾನೆ" ಅಂದ್ರು. ಮದ್ದಳೆ ಯಾರು, ಸ್ತ್ರೀವೇಷ ಯಾರು, ಪ್ರಸಂಗ ಯಾವುದು, ಯಾವ ವರ್ಷದ ಯಾವ ತಿಂಗಳು, ಎಲ್ಲ ಅವ್ರೇ ಹೇಳಿದ್ರು, ನಾನು ಬರ್ಕೊಂಡೆ. ಕೆಟಲಾಗ್ ಅಂದ್ರೆ ಇದೇ ನೋಡಿ. ಬೂಷ್ಟನ್ನ ಮುಂದಿನ ವರ್ಷವೂ ಒರೆಸಬಹುದು, ಆ ಹೆಸರುಗಳನ್ನ ಅವತ್ತು ಕೇಳದೇ ಹೋಗಿದ್ರೆ ಆಮೇಲೆ ಯಾರನ್ನ ಕೇಳೋದು? ಫೈಲಿಗೆ "ಯಕ್ಷಗಾನ ಹೊಸದು 2" ಅಂತ ಹೆಸರಿಟ್ಟು ಬಿಟ್ರೆ ಇದ್ದೂ ಇಲ್ಲದ ಹಾಗೇ.

ಈಗ ಸಿನಿಮಾ ಮಾತು. ಹಿಂದೆ ಪಾಠಕ್ಕೆ ಬೇಕಾದ ಸಿನಿಮಾನ ಡಿವಿಡಿ ತಂದು ಕಪಾಟಲ್ಲಿ ಇಡ್ತಿದ್ವಿ. ಆಮೇಲೆ ಒಂದು ಸ್ಟ್ರೀಮಿಂಗ್ ಸೇವೆಗೆ ವರ್ಷದ ಚಂದಾ ಕಟ್ಟಿದ್ವಿ, ಪಾಸ್‌ವರ್ಡ್ ಹಾಕಿದ್ರೆ ಸಾಕು, ಮಕ್ಕಳೂ ಖುಷಿ. ಮರುವರ್ಷ ದುಡ್ಡು ಸ್ಯಾಂಕ್ಷನ್ ಆಗೋದು ಸ್ವಲ್ಪ ತಡ ಆಯ್ತು, ಒಂದು ಬೆಳಿಗ್ಗೆ ಬಂದು ನೋಡಿದ್ರೆ ಪೂರ್ತಿ ಪಟ್ಟಿಯೇ ಮಾಯ, ಅರ್ಧ ಸಿನಿಮಾ ನೋಡಿ ಪ್ರಾಜೆಕ್ಟ್ ಬರೀತಿದ್ದ ಹುಡುಗಿ ನನ್ನ ಮುಖ ನೋಡ್ತಾ ನಿಂತಿದ್ಲು. ಅವತ್ತು ನನಗೆ ಹೊಳೀತು, ಡಿವಿಡಿ ಅಂದ್ರೆ ಸ್ವಂತದ ಗದ್ದೆ, ಸ್ಟ್ರೀಮಿಂಗ್ ಅಂದ್ರೆ ಗೇಣಿ. ಗೇಣಿದಾರರ ಹೋರಾಟ ನಡೆದ ಕಾಗೋಡು ಇರೋ ತಾಲ್ಲೂಕಿನವರಿಗೆ ಗೇಣಿ ಅಂದ್ರೇನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಗೇಣಿ ಬೇಡ ಅಂತ ನಾನು ಹೇಳಲ್ಲ, ಎಷ್ಟೋ ಸಿನಿಮಾ ಬೇರೆ ದಾರಿಲಿ ಸಿಗೋದೇ ಇಲ್ಲ. ಆದ್ರೆ ಯಾವುದು ನಮ್ಮದು ಯಾವುದು ಗೇಣಿದು ಅಂತ ರಿಜಿಸ್ಟರಲ್ಲಿ ಬೇರೆ ಬೇರೆ ಬರೆದಿರ್ಬೇಕು, ಗಡುವಿನ ತಾರೀಖು ಸಮೇತ.

ಕಾನೂನು ಏನನ್ನುತ್ತೆ ಅಂತ ತುಂಬಾ ಜನ ಕೇಳ್ತಾರೆ. ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿಗೆ 2012ರಲ್ಲಿ ಮಾಡಿದ ತಿದ್ದುಪಡಿ ಪ್ರಕಾರ, ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯದ ಹತ್ರ ಮೊದಲೇ ಡಿಜಿಟಲ್ ಅಲ್ಲದ ಪ್ರತಿ ಇದ್ರೆ, ಕಾಪಾಡೋ ಉದ್ದೇಶಕ್ಕೆ ಡಿಜಿಟಲ್ ರೂಪದಲ್ಲಿ ಇಟ್ಕೋಬಹುದು. ಇಟ್ಕೋಬಹುದು ಅಷ್ಟೇ, ಯೂಟ್ಯೂಬಿಗೆ ಹಾಕೋ ಹಾಗಿಲ್ಲ. ಕಾಲೇಜಲ್ಲಿ ಪಾಠದ ಭಾಗವಾಗಿ ಮೇಷ್ಟ್ರು, ಮಕ್ಕಳು, ಅವರ ತಂದೆತಾಯಿ ಇಂಥವರಿಗಷ್ಟೇ ಸಿನಿಮಾ ತೋರಿಸೋಕೂ ಅದೇ ಸೆಕ್ಷನ್ನಲ್ಲಿ ಅವಕಾಶ ಇದೆ. ಸಿನಿಮಾದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಇರುತ್ತೆ, 1964ರ ಸಿನಿಮಾಗಳದ್ದು 2024ರ ಕೊನೆಗೆ ಮುಗೀತು. ಯಕ್ಷಗಾನದ ಟೇಪಿಗೂ ಕಲಾವಿದರ ಹಕ್ಕು ಇರುತ್ತೆ, ಅದಕ್ಕೇ ಯಜಮಾನರ ಹತ್ರ, ಸಿಕ್ಕಷ್ಟು ಕಲಾವಿದರ ಹತ್ರ ಕಾಗದದಲ್ಲೇ ಒಪ್ಪಿಗೆ ತಗೊಂಡ್ವಿ.

ಪುಸ್ತಕಕ್ಕಾದ್ರೆ 1954ರ ಒಂದು ಕಾಯ್ದೆ ಇದೆ, ಪ್ರಕಾಶಕರು ಕೋಲ್ಕತ್ತಾದ ನ್ಯಾಷನಲ್ ಲೈಬ್ರರಿಗೆ, ಇನ್ನೂ ಮೂರು ದೊಡ್ಡ ಲೈಬ್ರರಿಗಳಿಗೆ ಪ್ರತಿ ಕೊಡ್ಲೇಬೇಕು. ಆ ಕಾಯ್ದೆ ಸಿನಿಮಾಗೆ ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ, 1934ರದ್ದು, ಇವತ್ತು ಅದರ ಒಂದು ಪ್ರಿಂಟೂ ಇಲ್ಲ. ದೊಡ್ಡ ಸಿನಿಮಾದ ಗತಿಯೇ ಹೀಗಾದ್ರೆ ನಮ್ಮ ಅಂಗಳದ ಆಟನ ಯಾರು ಕಾಯ್ತಾರೆ? ಅದು ಯಾವ ಓಟಿಟಿಯಲ್ಲೂ ಬರಲ್ಲ. ಅದಕ್ಕೇ ನನ್ನ ಅಭಿಪ್ರಾಯ ಏನಂದ್ರೆ, ಮಲೆನಾಡಿನ ಲೈಬ್ರರಿಗಳು ಬೇರೆ ಎಲ್ಲೂ ಸಿಗದ ಇಂಥ ವಿಡಿಯೋಗಳಿಗೇ ಮೊದಲು ಕೈ ಹಾಕ್ಬೇಕು, ಪೇಟೆ ಸಿನಿಮಾ ಆಮೇಲೆ.

ನಾವೀಗ ಮೂರು ಪ್ರತಿ ಇಟ್ಟಿದೀವಿ, ಲೈಬ್ರರಿಲಿ ಎರಡು ಬೇರೆ ಬೇರೆ ಡಿಸ್ಕಲ್ಲಿ, ಮೂರನೇದು ಶಿವಮೊಗ್ಗದಲ್ಲಿ, ಇಲ್ಲಿ ಸಿಡಿಲು ಹೊಡೆದ್ರೂ ಅಲ್ಲಿ ಉಳೀಲಿ ಅಂತ. ಪ್ರತಿ ಫೈಲಿಗೂ ಚೆಕ್‌ಸಮ್ ಅಂತ ಒಂದು ಉದ್ದದ ಸಂಖ್ಯೆ ತೆಗೆದಿಟ್ಟಿದೀವಿ, ಒಳಗೆ ಒಂದು ಚುಕ್ಕೆ ಕೆಟ್ರೂ ಆ ಸಂಖ್ಯೆ ಬದಲಾಗುತ್ತೆ, ಯುಗಾದಿಗೊಂದ್ಸಲ ದಸರಾಕ್ಕೊಂದ್ಸಲ ತಾಳೆ ನೋಡ್ತೀವಿ. ನೋಡೋ ಪ್ರತಿ ಲೈಬ್ರರಿ ಒಳಗಿನ ಸರ್ವರಲ್ಲೇ ಇದೆ, ವೈಫೈಗೆ ಕನೆಕ್ಟ್ ಆದ್ರೆ ಇಂಟರ್ನೆಟ್ ಇಲ್ಲದೇ ಓಡುತ್ತೆ. ನೆಟ್‌ವರ್ಕಿಗೆ ಗುಡ್ಡ ಹತ್ತೋ ಮಕ್ಕಳಿಗೆ ಇದೇ ಸರಿ. ಇಲ್ಲೇ ಪಕ್ಕದ ಹೆಗ್ಗೋಡಲ್ಲಿ ನೀನಾಸಂ ಅನ್ನೋ ನಾಟಕ ಸಂಸ್ಥೆಯವರು 1970ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿ ಜನಕ್ಕೆ ಜಗತ್ತಿನ ಸಿನಿಮಾ ತೋರಿಸಿದ್ರು, ಆಗ ಯಾವ ನೆಟ್‌ವರ್ಕ್ ಇತ್ತು ಹೇಳಿ.

ನಿಮ್ಮನೇಲೂ ಕ್ಯಾಸೆಟ್ ಇದ್ರೆ ಇವತ್ತೇ ಅಟ್ಟದಿಂದ ಇಳಿಸಿ, ಪುಸ್ತಕದ ಹಾಗೆ ನಿಲ್ಲಿಸಿ, ತೇವ ಇಲ್ಲದ ಕಡೆ ಇಡಿ. ಅದರ ಬೆನ್ನಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ತುಂಡು ಇರುತ್ತೆ, ಅದನ್ನ ಮುರಿದು ಹಾಕಿ, ಆಗ ಅಪ್ಪಿತಪ್ಪಿನೂ ಮೇಲೆ ಬೇರೇದು ರೆಕಾರ್ಡ್ ಆಗಲ್ಲ. ಬೂಷ್ಟು ಕಂಡ್ರೆ ಪ್ಲೇಯರಿಗೆ ಹಾಕ್ಬೇಡಿ, ಹತ್ತಿರದ ಲೈಬ್ರರಿಯಲ್ಲಿ ವಿಚಾರಿಸಿ. ಹೋಗುವಾಗ ಆವತ್ತು ಆ ಆಟ ನೋಡಿದ್ದ ಹಿರಿಯರು ಯಾರಾದ್ರೂ ಇದ್ರೆ ಅವರನ್ನೂ ಜೊತೆಗೆ ಕರ್ಕೊಂಡು ಹೋಗಿ.

ನಮಸ್ಕಾರ.