ಪಗಾರದ ಚೀಟಿಯ ಮೇಲೆ ಯಾರ ಹೆಸರು?

ಕೇಳುಗ ಬಾಂಧವರಿಗೆ ನಮಸ್ಕಾರ. ಯೂನಿಯನ್ನುಗಳಿಗೆ ಮೊದಲಿನ ಕಸುವು ಯಾಕಿಲ್ಲ ಅಂತ ಕೇಳಿದರೆ ಎಲ್ಲರೂ 1991ರತ್ತ ಬೊಟ್ಟು ಮಾಡುತ್ತಾರೆ. ಉದಾರೀಕರಣ, ಜಾಗತೀಕರಣ ಅನ್ನುತ್ತಾರೆ. ಆಗಲಿ. ಆದರೆ ದುಡಿಯುವವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಪಗಾರದ ಚೀಟಿಯ ಮೇಲೆ ಯಾರ ಹೆಸರಿದೆ?

ಬೆಳಗಾವಿ ಉದ್ಯಮಬಾಗದಲ್ಲಿ ಒಂದು ಫೌಂಡ್ರಿ. ಅಲ್ಲಿ ಎರಕ ಹೊಯ್ದ ಪಂಪಿನ ಭಾಗಗಳು ಹಡಗೇರಿ ಹೊರದೇಶಕ್ಕೆ ಹೋಗುತ್ತವೆ. ಒಂದೇ ಅಚ್ಚಿನ ಪೆಟ್ಟಿಗೆ, ಈ ಕಡೆಯಿಂದ ಒಬ್ಬ ಮರಳು ತುಂಬಿ ಬಡಿಯುತ್ತಾನೆ, ಆ ಕಡೆಯಿಂದ ಇನ್ನೊಬ್ಬ. ಇಬ್ಬರ ಮೈಮೇಲೂ ಅದೇ ಕರಿಧೂಳು. ಒಬ್ಬ ಪರ್ಮನೆಂಟ್, ಇನ್ನೊಬ್ಬ ಗುತ್ತಿಗೆಯವ. ದೀಪಾವಳಿ ಬೋನಸ್ಸಿಗಾಗಿ ಯೂನಿಯನ್ ಸಂಪು ಹೂಡಿತು. ಪರ್ಮನೆಂಟಿನವರೆಲ್ಲ ಗೇಟಿನ ಹೊರಗೆ ಕೂತರು. ಭಟ್ಟಿ ಮಾತ್ರ ಆರಲಿಲ್ಲ. ಗುತ್ತಿಗೆಯವರು ಒಳಗೇ ಇದ್ದರು, ಸಾಲದ್ದಕ್ಕೆ ಆಳು ಒದಗಿಸುವ ಗುತ್ತಿಗೆದಾರ, ಅಂದರೆ ಮುಕಾದಮ, ಇನ್ನೊಂದು ಟೆಂಪೋ ಜನ ತಂದು ಇಳಿಸಿದ. ಸಂಜೆ ಪಾಳಿ ಮುಗಿಸಿ ಬಂದ ಹುಡುಗನೊಬ್ಬನನ್ನು ಕೇಳಿದೆ, "ಯಾಕಪಾ ತಮ್ಮಾ, ನೀವೂ ಹೊರಗ ಬರಬೇಕಿತ್ತಲ್ಲ?"

"ನಮ್ಮ ಮಾಲಕ ಯಾರಂತನ ಗೊತ್ತಿಲ್ರಿ ವಕೀಲ್‌ಸಾಬ್ರ. ಯಾರ ಮ್ಯಾಲ ಸಂಪು ಮಾಡೂದ್ರಿ?"

ಅವನ ಪಗಾರ ಮುಕಾದಮನ ಕೈಯಿಂದ, ಬರೀ ರೊಕ್ಕ. ಚೀಟಿಯೇ ಇಲ್ಲ. ಇನ್ನು ಯೂನಿಯನ್ನಿನ ಮುಖಂಡರು ಅಂಥ ಒಬ್ಬ ಹುಡುಗನಿಗೂ ಸದಸ್ಯತ್ವದ ಪಾವತಿ, ಅಂದರೆ ರಸೀದಿ, ಹರಿದು ಕೊಟ್ಟಿರಲಿಲ್ಲ! ಹೇಳುವಾಗ ಈಗಲೂ ಸಿಟ್ಟು ಬರುತ್ತದೆ.

ಹೊರದೇಶದ ಖರೀದಿದಾರ ದರ ಇಳಿಸಿ ಅನ್ನುತ್ತಾನೆ, ಕಂಪನಿ ಆ ಹೊರೆಯನ್ನು ಗುತ್ತಿಗೆದಾರನ ಮೇಲೆ ಹಾಕುತ್ತದೆ, ಅವನು ಹುಡುಗನ ಪಗಾರದಲ್ಲಿ ಮುರಿದುಕೊಳ್ಳುತ್ತಾನೆ. ಜಾಗತೀಕರಣ ನಮ್ಮೂರಿಗೆ ಬರುವ ದಾರಿ ಇದು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಹಲವು ಯೂನಿಯನ್ನುಗಳಿದ್ದ ಕಡೆ, ಮಸ್ಟರ್ ರೋಲಿನಲ್ಲಿ, ಅಂದರೆ ಹಾಜರಿ ಪಟ್ಟಿಯಲ್ಲಿ, ಇರುವ ಕಾರ್ಮಿಕರಲ್ಲಿ ಶೇಕಡಾ 51 ಮಂದಿ ಯಾರ ಬೆನ್ನಿಗಿದ್ದಾರೋ ಮಾಲಕರ ಜತೆ ಮಾತಿಗೆ ಕೂರುವ ಹಕ್ಕು ಆ ಯೂನಿಯನ್ನಿಗೆ. ಮಸ್ಟರಿನಲ್ಲಿ ಹೆಸರೇ ಇಲ್ಲದವನನ್ನು ಯಾರು ಎಣಿಸುತ್ತಾರೆ, ಹೇಳಿ?

ಸಮಯ ಕಡಿಮೆ ಇದೆ, ಒಂದು ಮಾತು ಹೇಳಿಬಿಡುತ್ತೇನೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಯಾವ ದೊಡ್ಡ ಮುಖಂಡರ ಕರೆಗೂ ಕಾಯದೆ, ಪಿಎಫ್ ಹಣ ತೆಗೆಯುವುದಕ್ಕೆ ತಂದ ಹೊಸ ನಿಯಮದ ವಿರುದ್ಧ ರಸ್ತೆಗಿಳಿದರು. ಕೇಂದ್ರ ಸರಕಾರ ನಿಯಮ ಹಿಂದೆಗೆದುಕೊಂಡಿತು. ಪಿಎಫ್ ಖಾತೆಯಲ್ಲಿ ಅವರ ಹೆಸರಿತ್ತು. ಹೆಸರಿತ್ತು, ಅದಕ್ಕೇ ಹಕ್ಕಿನಿಂದ ಕೇಳಿದರು.

ನೇಮಕಾತಿ ಪತ್ರ ಕೊಡಲೇಬೇಕು ಅಂತ ಈಗ ಕಾಯ್ದೆಯೇ ಹೇಳುತ್ತದೆ. ನಾಳೆ ಪಾಳಿಗೆ ಹೋದಾಗ ಕೇಳಿ. ಒಬ್ಬರೇ ಹೋಗಬೇಡಿ, ನಾಲ್ಕು ಮಂದಿ ಕೂಡಿ ಹೋಗಿ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಬರೆದು ಕೊಡಿ, ಕೊಟ್ಟದ್ದಕ್ಕೆ ಪಾವತಿ ಇಸ್ಕೊಳ್ಳಿ. ಮುಖಂಡರೇ, ನೀವು ಗುತ್ತಿಗೆ ಹುಡುಗರಿಗೂ ಪಾವತಿ ಹರಿಯಿರಿ. ನಮಸ್ಕಾರ.