ಚಕಮಕಿ ಗುಡ್ಡದ ಹಳ್ಳದಲ್ಲಿ ಗಾಳ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕಾನ್ಸಾಸ್ ರಾಜ್ಯದ ಪೂರ್ವದ ಕಡೆ ಫ್ಲಿಂಟ್ ಹಿಲ್ಸ್, ಅಂದರೆ ಚಕಮಕಿ ಗುಡ್ಡ, ಎನ್ನುವ ಗುಡ್ಡಸಾಲು ಇದೆ. ಗುಡ್ಡ ಅಂದರೆ ಮಲೆನಾಡಿನವರು ನಕ್ಕಾರು. ಏರುತಗ್ಗಿನ ಹುಲ್ಲುಗಾವಲು ಅಷ್ಟೇ. ಒಂದು ಕಾಲಕ್ಕೆ ಆ ಖಂಡದ ನಡುಭಾಗದಲ್ಲೆಲ್ಲ ಆಳೆತ್ತರದ ಹುಲ್ಲು ಬೆಳೆಯುತ್ತಿತ್ತು. ಆಮೇಲೆ ಅದನ್ನು ಉತ್ತು ಮೆಕ್ಕೆಜೋಳ, ಸೋಯಾ ಬಿತ್ತಿದರು. ಈಗ ನೂರಕ್ಕೆ 4 ಪಾಲೂ ಉಳಿದಿಲ್ಲ. ಉಳಿದದ್ದರಲ್ಲಿ ಹೆಚ್ಚಿನದು ಇಲ್ಲೇ ಇದೆ. ಉಳಿಸಿದ್ದು ಕಲ್ಲು. ಇಲ್ಲಿನ ಸುಣ್ಣಕಲ್ಲಿನ ಪದರಗಳಲ್ಲಿ ಚಕಮಕಿ ಕಲ್ಲು ಸೇರಿಕೊಂಡಿದೆ, ಮೇಲಿನ ಮಣ್ಣು ತೆಳು. ನೇಗಿಲು ಇಳಿಯಲಿಲ್ಲ, ಹುಲ್ಲನ್ನು ದನಗಳಿಗೆ ಬಿಟ್ಟರು. 1996ರಲ್ಲಿ ಸ್ಟ್ರಾಂಗ್ ಸಿಟಿ ಎಂಬ ಸಣ್ಣ ಊರಿನ ಪಕ್ಕ ಸುಮಾರು 11 ಸಾವಿರ ಎಕರೆಯನ್ನು ರಾಷ್ಟ್ರೀಯ ಸಂರಕ್ಷಿತ ಹುಲ್ಲುಗಾವಲು ಎಂದು ಘೋಷಿಸಿದರು. ಅದರೊಳಗೇ ಫಾಕ್ಸ್ ಕ್ರೀಕ್ ಎಂಬ ಹಳ್ಳ ಹರಿದು ಕಾಟನ್‌ವುಡ್ ನದಿಗೆ ಸೇರುತ್ತದೆ.

ಉಳುಮೆ ಇಲ್ಲದ ಕಡೆ ಹಳ್ಳಕ್ಕೆ ಹೂಳು ಕಡಿಮೆ. ಮಳೆ ಬಂದ ದಿನ ಬಿಟ್ಟರೆ ನೀರು ತಿಳಿ, ತಳದಲ್ಲಿ ಜಲ್ಲಿಕಲ್ಲು. ಇಂಥ ಹಳ್ಳಗಳಲ್ಲಿ ಗಾಳ ಹಾಕುವವರಿಗೆ ದೋಣಿ ಬೇಡ, ದುಬಾರಿ ಸಾಮಾನೂ ಬೇಡ. ಹಗುರವಾದ ಒಂದು ಕೋಲು, ತೆಳ್ಳನೆಯ ದಾರ, ಸಣ್ಣ ಗಾಳ, ಒಂದಿಷ್ಟು ಎರೆಹುಳು. ಬೇಸಿಗೆಯಾದರೆ ದಡದ ಹುಲ್ಲಿನಲ್ಲೇ ಮಿಡತೆ ಸಿಗುತ್ತದೆ, ಅದಕ್ಕಿಂತ ಒಳ್ಳೆಯ ಆಮಿಷ ಯಾವುದಿದೆ?

ಹಳ್ಳದೊಳಗೆ ಇಳಿದು, ನೀರು ಬರುವ ದಿಕ್ಕಿಗೆ ಎದುರಾಗಿ ನಡೆಯಬೇಕು. ಮೀನು ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ, ಹಿಂದಿನಿಂದ ಬರುವವರು ಅದಕ್ಕೆ ಬೇಗ ಕಾಣುವುದಿಲ್ಲ. ಕಾಲಿನಿಂದ ಎದ್ದ ಬಗ್ಗಡವೂ ಕೆಳಗೆ ಹೋಗಿಬಿಡುತ್ತದೆ. ಕಲ್ಲುಗಳ ಮೇಲೆ ನೀರು ತೆಳ್ಳಗೆ ಓಡಿ ಮಡುವಿಗೆ ಬೀಳುತ್ತದಲ್ಲ, ಆ ಅಂಚಿಗೆ ಹುಳು ಬಿಡಿ. ಮೊದಲು ಕಚ್ಚುವುದು ಗ್ರೀನ್ ಸನ್‌ಫಿಶ್. ಅಂಗೈ ಅಗಲದ ಮೀನು, ಮೈಗಿಂತ ಬಾಯಿ ದೊಡ್ಡದೇನೋ ಅನ್ನಿಸುತ್ತದೆ, ಕೆನ್ನೆಯ ಮೇಲೆ ನೀಲಿ-ಹಸಿರು ಗೆರೆಗಳು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೇ ಓಡುವವರ ಹಾಗೆ ಮುನ್ನುಗ್ಗುತ್ತದೆ. ಆಳವಾದ ಮಡುವಿನಲ್ಲಿ, ಬಿದ್ದ ಮರದ ಕೆಳಗೆ, ಮೀಸೆಯ ಚಾನೆಲ್ ಕ್ಯಾಟ್‌ಫಿಶ್ ಇರುತ್ತದೆ. ಸ್ಪಾಟೆಡ್ ಬಾಸ್ ಸಿಕ್ಕಿದರೆ ಆ ದಿನ ಒಳ್ಳೆಯ ದಿನ.

ನನಗೆ ಜಾಸ್ತಿ ಇಷ್ಟವಾದದ್ದು ಗಾಳಕ್ಕೆ ಬೀಳದ ಒಂದು ಮೀನು. ಹೆಸರು ಟೊಪೀಕಾ ಶೈನರ್. ಹೆಬ್ಬೆರಳಿನಷ್ಟು ಉದ್ದ, ಬೆಳ್ಳಿ ಮೈ, ಪಕ್ಕದಲ್ಲಿ ಒಂದು ಕಪ್ಪು ಗೆರೆ. ಕಾನ್ಸಾಸ್‌ನ ರಾಜಧಾನಿ ಟೊಪೀಕಾದ ಹತ್ತಿರದ ಹಳ್ಳದಲ್ಲಿ ಸಿಕ್ಕಿದ್ದನ್ನು ನೋಡಿ 1884ರಲ್ಲಿ ವಿಜ್ಞಾನಿಗಳು ಇದನ್ನು ದಾಖಲಿಸಿದರು. ಬೇಸಿಗೆ ಶುರುವಾದಾಗ ಗಂಡುಗಳ ರೆಕ್ಕೆಗಳು ಕಿತ್ತಳೆಗೆಂಪು ತಿರುಗುತ್ತವೆ. ಆಗ ಮಡುವಿನ ಅಂಚಿನಲ್ಲಿ ಸುಮ್ನೆ ಕೂತು ನೋಡಬೇಕು. ಗಂಡು ಸನ್‌ಫಿಶ್ ಬಾಲ ಬಡಿದು ಬಡಿದು ಹೂಳು ಸರಿಸಿ, ಜಲ್ಲಿಯಲ್ಲಿ ತಟ್ಟೆಯಾಕಾರದ ಗುಂಡಿ ಮಾಡಿಕೊಂಡು ಕಾವಲು ನಿಂತಿರುತ್ತದೆ. ಅದರ ಅಂಚಿನಲ್ಲೇ ಈ ಪುಟ್ಟ ಶೈನರ್‌ಗಳು ತಮ್ಮ ಮೊಟ್ಟೆ ಇಡುತ್ತವೆ. ಗುಡಿಸಿದ ಜಾಗ ಬಿಟ್ಟಿ, ಕಾವಲೂ ಬಿಟ್ಟಿ! ಮನೆಯೊಡೆಯ ಆಗಾಗ ಅಟ್ಟಿಸಿಕೊಂಡು ಹೋಗುತ್ತಾನೆ, ಇವು ಮತ್ತೆ ಬರುತ್ತವೆ. ಅಂದರೆ ಗುಂಡಿ ಕಾಯುತ್ತಿರುವ ಆ ಸನ್‌ಫಿಶ್ಶನ್ನು ನೀವು ಗಾಳ ಹಾಕಿ ಎತ್ತಿದರೆ ಎರಡು ಸಂಸಾರ ಬಯಲಿಗೆ ಬಿದ್ದ ಹಾಗೆ. ಅದನ್ನು ಬಿಟ್ಟು ಮುಂದಿನ ಮಡುವಿಗೆ ನಡೆಯಿರಿ, ಹಳ್ಳ ಉದ್ದವಿದೆ.

ಈ ಶೈನರ್ 1998ರ ಡಿಸೆಂಬರಿನಲ್ಲಿ ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ಉಳುಮೆಯ ಹೂಳು ಒಂದು ಕಾರಣ. ಇನ್ನೊಂದು ಕಾರಣ ನಮ್ಮಂಥ ಗಾಳದವರಿಗೆ ನುಂಗಲಾರದ ತುತ್ತು. ಹಳ್ಳಗಳಿಗೆ ಅಡ್ಡ ಒಡ್ಡು ಕಟ್ಟಿ ಹೊಂಡ ಮಾಡಿದರು, ದನಕ್ಕೆ ನೀರಾಯಿತು. ಹೊಂಡ ಇದ್ದ ಮೇಲೆ ಹಿಡಿಯಲು ಮೀನು ಬೇಡವೇ? ಲಾರ್ಜ್‌ಮೌತ್ ಬಾಸ್ ಮರಿಗಳನ್ನು ತಂದು ಬಿಟ್ಟರು. ಬಾಸ್ ಹೊಟ್ಟೆಬಾಕ, ಹೊಂಡದಿಂದ ಹಳ್ಳಕ್ಕೂ ಇಳಿದು ಸಣ್ಣ ಮೀನುಗಳನ್ನು ಮುಗಿಸುತ್ತದೆ. ಒಡ್ಡು ಇನ್ನೊಂದು ಕೆಡುಕನ್ನೂ ಮಾಡಿತು. ಹುಲ್ಲುಗಾಡಿನ ಹಳ್ಳ ಬಿರುಬೇಸಿಗೆಯಲ್ಲಿ ಹರಿಯುವುದನ್ನೇ ನಿಲ್ಲಿಸುತ್ತದೆ. ಸುಣ್ಣಕಲ್ಲಿನ ಬಿರುಕಿನಿಂದ ಒಸರು ಬರುವ ಮಡುಗಳು ಮಾತ್ರ ಉಳಿಯುತ್ತವೆ, ಮೀನೆಲ್ಲ ಅಲ್ಲಿ ಸೇರುತ್ತವೆ. ಮಳೆ ಬಂದಾಗ ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಹಬ್ಬಿ, ಬತ್ತಿಹೋದ ಜಾಗಗಳನ್ನು ಮತ್ತೆ ತುಂಬುತ್ತವೆ. ನಡುವೆ ಒಡ್ಡು ಬಂದರೆ ಆ ದಾರಿ ಮುಚ್ಚಿತು, ಅಲ್ವಾ? ಬಾಸ್ ಹಿಡಿಯುವ ಖುಷಿ ನನಗೂ ಗೊತ್ತು. ಆದರೂ ಇರುವ ಹೊಂಡಗಳು ಸಾಕು, ಹರಿಯುವ ಹಳ್ಳಕ್ಕೆ ಹೊಸದು ಬೇಡ ಅನ್ನುವವನು ನಾನು.

ಅಲ್ಲಿ ಇರುವ ನಮ್ಮವರು, ಓದಲಿಕ್ಕೋ ಕೆಲಸಕ್ಕೋ ಹೋದವರು, ಗಾಳ ಹಿಡಿದು ಹೊರಡುವ ಮುಂಚೆ ಎರಡು ಮಾತು ಕೇಳಿ. ಊರಿನಲ್ಲಿ ಹಳ್ಳಕ್ಕೆ ಇಳಿಯಲು ಯಾರನ್ನೂ ಕೇಳುವ ಅಭ್ಯಾಸ ನಮಗಿಲ್ಲ. ಕಾನ್ಸಾಸ್‌ನಲ್ಲಿ ಹಾಗಲ್ಲ. ಕಾನ್ಸಾಸ್, ಅರ್ಕಾನ್ಸಾ, ಮಿಸ್ಸೂರಿ, ಈ ಮೂರು ನದಿಗಳಷ್ಟೇ ಸಾರ್ವಜನಿಕ. ಮಿಕ್ಕ ಹಳ್ಳಗಳು ಖಾಸಗಿ ಜಮೀನಿನಲ್ಲಿ ಹರಿದರೆ ತಳದ ನೆಲವೂ ಆ ಮಾಲೀಕರದೇ. ಬೇಲಿ ದಾಟುವ ಮುಂಚೆ ಅವರ ಮನೆ ಬಾಗಿಲು ತಟ್ಟಿ ಕೇಳಬೇಕು. ಕೇಳಿದರೆ ಎಷ್ಟೋ ಜನ ಬೇಡ ಅನ್ನುವುದಿಲ್ಲ, ಗೇಟು ಹಾಕಿಕೊಂಡು ಹೋಗಿ ಅನ್ನುತ್ತಾರೆ. 16 ವರ್ಷ ತುಂಬಿದವರಿಗೆ ಲೈಸೆನ್ಸೂ ಬೇಕು. ಒಂದು ಕಡೆ ಹಿಡಿದ ಸಣ್ಣ ಮೀನನ್ನು ಆಮಿಷಕ್ಕೆಂದು ಇನ್ನೊಂದು ಕಡೆಗೆ ಒಯ್ಯುವುದಕ್ಕೆ ಅಲ್ಲಿನ ಕಾನೂನು ಕಡಿವಾಣ ಹಾಕಿದೆ. ಎರೆಹುಳುವಿಗೆ ಆ ತಂಟೆ ಇಲ್ಲ.

ಇನ್ನು ಬಿರುಬೇಸಿಗೆಯಲ್ಲಿ ನೀರು ನಿಂತ ಮಡು ಕಂಡರೆ ಅಲ್ಲಿ ಗಾಳ ಹಾಕಬೇಡಿ. ಸುಲಭವಾಗಿ ಸಿಗುತ್ತವೆ, ನಿಜ. ಆದರೆ ಬಿಸಿನೀರಿನಲ್ಲಿ ಉಸಿರು ಸಾಲದೆ ನಿಂತ ಮೀನು ಹಿಡಿದು ಬಿಟ್ಟರೂ ಬದುಕುವುದು ಕಷ್ಟ. ಮಳೆ ಬಂದು, ಹಳ್ಳ ಮತ್ತೆ ಹರಿದು, ನೀರು ತಿಳಿಯಾದ ಮೇಲೆ ಬೆಳಗ್ಗೆ ಹೋಗಿ.

ನಮಸ್ಕಾರ.