ಬಿಳಿ ಧೋತರ, ಎರಿ ಹೊಲ ಮತ್ತು ಕ್ಯಾಮೆರಾದ ಬೂದು ಬಣ್ಣ

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಗೋಲಗುಮ್ಮಟಕ್ಕೆ ಹೊರಡುತ್ತೇವೆ. ಅದಕ್ಕೆ ಮೊದಲು ಇವತ್ತು ಒಂದಿಷ್ಟು ಬೆಳಕಿನ ಲೆಕ್ಕ.

ಮೊದಲು ನನ್ನದೇ ಪೆದ್ದುತನ ಹೇಳಿಬಿಡುತ್ತೇನೆ. ಹೊಸ ಕ್ಯಾಮೆರಾ ಕೊಂಡಾಗ ಯಾರೋ ಹೇಳಿದ್ದರು, ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿ ತೋರಿಸಬೇಕು ಅನ್ನುವ ಅಂಕಿ, ಅಂದರೆ ಐಎಸ್‌ಒ 100 ದಾಟಿದರೆ ಫೋಟೋ ಕೆಡುತ್ತದೆ ಅಂತ. ನಂಬಿದೆ. ನೆಂಟರನ್ನು ಗುಮ್ಮಟದೊಳಗೆ ನಿಲ್ಲಿಸಿದೆ. 1656ರಲ್ಲಿ ಮುಗಿದ ಕಟ್ಟಡ, ನಡುವೆ ಒಂದೂ ಕಂಬವಿಲ್ಲ. ಬಾಗಿಲಿಂದ ಬಂದ ಬೆಳಕು ನಡುವಿಗೆ ಬರುವಷ್ಟರಲ್ಲಿ ಸೋತಿರುತ್ತದೆ. ಲೆನ್ಸಿನ ಕಿಂಡಿ ಎಫ್ 4ಕ್ಕೆ ಇಟ್ಟಿದ್ದೆ, ಕ್ಯಾಮೆರಾ ಕೇಳಿದ ಶಟರ್, ಅಂದರೆ ಬೆಳಕು ಒಳಗೆ ಬಿಡುವ ಸಮಯ, 1/4 ಸೆಕೆಂಡ್. ಕೈಯಲ್ಲೇ ಹಿಡಿದು ಹೊಡೆದೆ, ಅಷ್ಟರಲ್ಲಿ ಕೈ ಅಲುಗಿತ್ತು. ಸಣ್ಣ ಪರದೆಯಲ್ಲಿ ಎಲ್ಲಾ ಚೆಂದ ಕಂಡಿತ್ತು. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಕಾಕಾ ಅವರಿಗೆ ಎರಡೆರಡು ಮೂಗು!

ಏನು ಮಾಡಬೇಕಿತ್ತು? ಐಎಸ್‌ಒ ಏರಿಸಬೇಕಿತ್ತು, ಅಷ್ಟೇ. 100, 200, 400, 800, 1600. ಒಂದೊಂದು ಮೆಟ್ಟಿಲಿಗೂ ಶಟರ್ ಸಮಯ ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ಮೆಟ್ಟಿಲು ಹತ್ತಿದರೆ 1/4 ಹೋಗಿ ಸುಮಾರು 1/60 ಆಗುತ್ತದೆ. ಸುಮ್ನೆ ನಿಂತವರ ಫೋಟೋಗೆ ಅದು ಸಾಕು. ಟ್ರೈಪಾಡ್ ತರುತ್ತೇನೆ ಅನ್ನಬೇಡಿ, ಅದಕ್ಕೆ ಬೇರೆ ಅನುಮತಿ ಬೇಕು.

ಐಎಸ್‌ಒ ಏರಿಸಿದರೆ ಹೆಚ್ಚು ಬೆಳಕೇನೂ ಒಳಗೆ ಬರುವುದಿಲ್ಲ. ಈ ಮೈಕ್ ನೋಡಿ. ನಾನು ಮೆಲ್ಲಗೆ ಮಾತಾಡಿದರೆ ಮೈಕಿನವರು ವಾಲ್ಯೂಮ್ ಏರಿಸುತ್ತಾರೆ. ನನ್ನ ದನಿ ಜೊತೆ ಮೇಲಿನ ಫ್ಯಾನಿನ ಗರಗರವೂ ಏರುತ್ತದೆ. ಫೋಟೋದಲ್ಲಿ ರವೆ ಚೆಲ್ಲಿದ ಹಾಗೆ ಕಾಣುವ ಕಾಳು ಕಾಳು ಅದೇ. ಕಾಳು ಇದ್ದರೂ ಮುಖ ಗುರುತು ಸಿಗುತ್ತದೆ. ಅಲುಗಾಡಿದ ಮುಖವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿ ಮಾಡಿಕೊಡುವುದಿಲ್ಲ.

ಇನ್ನೊಂದು ಮಾತು. ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಎದುರಿಗೆ ಏನಿದೆ ಅಂತ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಎಲ್ಲವನ್ನೂ ನಡುವಿನ ಬೂದು ಬಣ್ಣಕ್ಕೆ ಎಳೆಯುವುದೇ ಅದರ ಚಾಳಿ. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೋಪಿಯ ಅಜ್ಜಾರನ್ನು ಫ್ರೇಮ್ ತುಂಬ ತೆಗೆಯಿರಿ. ಧೋತರ ವಾರದಿಂದ ಒಗೆಯದ ಹಾಗೆ ಬರುತ್ತದೆ. ಆಗತಾನೆ ಮಳೆಯಾದ ಎರಿ ಹೊಲ ತೆಗೆಯಿರಿ, ಕಪ್ಪು ಮಣ್ಣು ಬೂದಿ ಬಳಿದ ಹಾಗೆ ಕಾಣುತ್ತದೆ. ಅದಕ್ಕೇ ಫೋಟೋವನ್ನು ಇನ್ನಷ್ಟು ಬೆಳಗಿಸಲು, ಇಲ್ಲವೇ ಕಪ್ಪಾಗಿಸಲು ಪ್ಲಸ್ ಮೈನಸ್ ಗುರುತಿನ ಬಟನ್ ಇರುವುದು. ಬಿಳಿಗೆ ಪ್ಲಸ್ 1, ಕಪ್ಪಿಗೆ ಮೈನಸ್ 1. ಉಲ್ಟಾ ಅನಿಸುತ್ತದೆ, ಅಲ್ವಾ? ನನಗೂ ತಲೆಗೆ ಹೋಗಲು ತಿಂಗಳುಗಟ್ಟಲೆ ಹಿಡಿಯಿತು.

ಪ್ಲಸ್ ಜಾಸ್ತಿ ಮಾಡಿದರೂ ಕಷ್ಟ. ಧೋತರದ ನೆರಿಗೆಯೇ ಕಾಣದಷ್ಟು ಬಿಳಿಯಾದರೆ ಮುಗಿಯಿತು, ಆಮೇಲೆ ಆ ನೆರಿಗೆಯನ್ನು ಫೋಟೋದಿಂದ ಹೊರತೆಗೆಯಲು ಆಗುವುದಿಲ್ಲ. ಕಪ್ಪಿನಿಂದ ಬಿಳಿಯವರೆಗೆ ಬೆಳಕು ತೋರಿಸುವ ಪರದೆಯ ನಕ್ಷೆ, ಅಂದರೆ ಹಿಸ್ಟೋಗ್ರಾಮ್, ಬಲಗೋಡೆಗೆ ಒತ್ತಿಕೊಂಡಿದ್ದರೆ ಪ್ಲಸ್ ಸ್ವಲ್ಪ ಇಳಿಸಿ. ಬಾಗಿಲಲ್ಲಿ ನಿಂತವರ ಫೋಟೋ ಒಳಗಿಂದ ತೆಗೆಯುವಾಗ ಮುಖ ಬೇಕೋ ಹೊರಗಿನ ಆಕಾಶ ಬೇಕೋ, ನೀವೇ ಆರಿಸಬೇಕು. ನಾನಾದರೆ ಮುಖ.

ನಾಳೆ ಹೊರಗೆ ಬಂದ ಕೂಡಲೇ ಐಎಸ್‌ಒ 100ಕ್ಕೆ ಇಳಿಸಿ. ಒಮ್ಮೆ ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನುಯಲ್‌ನಲ್ಲಿ 1600 ಹಾಗೇ ಬಿಟ್ಟು ಬಿಸಿಲಲ್ಲಿ ಇಪ್ಪತ್ತು ಫೋಟೋ ಹೊಡೆದೆ. ಗುಮ್ಮಟವೂ ಇಲ್ಲ, ಆಕಾಶವೂ ಇಲ್ಲ, ಬರೀ ಬಿಳಿ ಹಾಳೆ.

ಮುಂದಿನ ಸಾಲಿನಲ್ಲಿ ಅಜ್ಜಾರೊಬ್ಬರು ಧೋತರದಲ್ಲೇ ಕೂತಿದ್ದಾರೆ. ಅಜ್ಜಾರೆ, ಒಂದೈದು ನಿಮಿಷ ನಮ್ಮ ಕಡೆ ತಿರುಗಿ ಕೂಡ್ತೀರಾ? ಉಳಿದವರು ಕ್ಯಾಮೆರಾ ತೆಗೆಯಿರಿ. ಮೊದಲು ಸೊನ್ನೆ, ಆಮೇಲೆ ಪ್ಲಸ್ 1.